ವೀಳ್ಯದ ಜೊತೆಗಿಟ್ಟ ಸೀರೆ

ನಮ್ಮಣ್ಣ ಮಹೇಶ್ವರಪ್ಪನ ಡಿಗ್ರಿಯ ಹೆಸರು ಶಿಕಾರಿಪುರದ ನಮ್ಮ ಬೀದಿಯಲ್ಲಿ ಯಾರ ಬಾಯಿಗೂ ಸರಿಯಾಗಿ ಬರುತ್ತಿರಲಿಲ್ಲ. ಇಂಜಿನಿಯರಿಂಗ್ ಜೊತೆಗೆ ಕಾರ್ಖಾನೆ ನಡೆಸುವ ವಿದ್ಯೆಯನ್ನೂ ಕೂಡಿಸಿ ಕಲಿಸುತ್ತಾರಂತೆ. "ಅರ್ಧ ಮೇಸ್ತ್ರಿ, ಅರ್ಧ ಸಾವ್ಕಾರ" ಎಂದು ಅಣಕಿಸುತ್ತಿದ್ದೆ. ಹುಡುಗಿಯೆಂದು ನನ್ನ ಓದನ್ನು ಮಿಡ್ಲ್ ಸ್ಕೂಲಿಗೇ ನಿಲ್ಲಿಸಿದ್ದರು. ಅಷ್ಟಾದರೂ ಹೊಟ್ಟೆಕಿಚ್ಚು ನನಗೆ ಬೇಡವೆ?

ಕೊನೆಯ ವರ್ಷ ಅವನು ಯಾವುದಾದರೂ ಕಾರ್ಖಾನೆಯನ್ನು ಸುಧಾರಿಸುವ ಯೋಜನೆ ಬರೆದು ಒಪ್ಪಿಸಬೇಕಿತ್ತು. ೧೯೫೮ರ ದಸರಾ ರಜೆಯಲ್ಲಿ ನಮ್ಮ ಅಕ್ಕಿ ಗಿರಣಿಗೇ ಬಂದು ಕೂತ. ಆಯಿಲ್ ಇಂಜಿನ್ನಿನ ಬೆಲ್ಟಿಗೆ ದೊಡ್ಡ ಫ್ಯಾನು ಜೋಡಿಸಿದರೆ ಹೊಟ್ಟು ತಾನೇ ಹಾರಿಹೋಗುತ್ತದೆ, ಮೊರ ಹಿಡಿದು ಕೇರುವ ಹೆಂಗಸರು ಬೇಕಾಗುವುದಿಲ್ಲ ಎಂದು ಬರೆದ.

ಆ ಹೆಂಗಸರಲ್ಲಿ ಹಿರಿಯಳು ಹೂವಮ್ಮ. ಗಂಡ ಹಾಸಿಗೆ ಹಿಡಿದಿದ್ದ. ಮಗ ಕುರಿ ಹೊಡೆದುಕೊಂಡು ಹೋದವನು, ಹೆಂಡತಿ ಮಕ್ಕಳನ್ನು ಇವಳ ಕೊರಳಿಗೆ ಕಟ್ಟಿ, ಇತ್ತ ತಲೆ ಹಾಕಿರಲಿಲ್ಲ. ಗಿರಣಿಯಿಂದ ಅವಳು ಒಯ್ಯುವ ಅಕ್ಕಿ ನುಚ್ಚಿನಿಂದಲೇ ಆ ಮನೆಯ ಒಲೆ ಉರಿಯುತ್ತಿತ್ತು.

ಮಗನ ವಿದ್ಯೆಯ ಜಂಬದಲ್ಲಿ ಅಪ್ಪ ಆ ಯೋಜನೆಯನ್ನು ಕೆಲಸದವರೆಲ್ಲರ ಮುಂದೆಯೇ ಹೇಳಿಸಿದರು. ಮೊರಗಳು ಸುಮ್ಮನಾದವು. ಅಣ್ಣ ಹಾಳೆಗಳನ್ನು ಮಡಚಿಕೊಂಡ.

"ಇದು ಪರೀಕ್ಷೆಗೆ ಬರೆದದ್ದು ಅಪ್ಪಾಜಿ. ಮಾಡೋಕಲ್ಲ."

"ಹಂಗಾರ ಬರ್ದಿದ್ದು ಸುಳ್ಳೇನು?"

"ಸುಳ್ಳಲ್ಲ."

"ಮತ್ತ ನಿನ್ನ ಓದ್ಸಿದ್ದು ಯಾಕ? ದೀಪಾವಳಿಗೆ ವೀಳ್ಯ ನೀನೇ ಕೊಡು. ಯಾರನ್ನ ಇಟ್ಕೋತಿ ಇಟ್ಕೋ, ನಾ ಬಾಯಿ ಹಾಕಲ್ಲ."

ನಮ್ಮ ಗಿರಣಿಯ ಪದ್ಧತಿ ಅದು. ಲಕ್ಷ್ಮೀಪೂಜೆಯ ದಿನ ಇಂಜಿನ್ನಿನ ಮುಂದೆ ನಿಂತು ಯಾರ ಕೈಗೆ ಎಲೆ ಅಡಿಕೆ ಕೊಡುತ್ತೇವೋ ಅವರ ಕೆಲಸ ಮುಂದಿನ ದೀಪಾವಳಿಯವರೆಗೆ ಗಟ್ಟಿ. ಅಣ್ಣ ಎಲ್ಲರಿಗೂ ಕೊಡುವುದೆಂದು ನಿರ್ಧರಿಸಿ ನನಗೆ ಹೇಳಿದಾಗ, ಅಣಕಿಸುವುದನ್ನು ಮರೆತು ಖುಷಿಪಟ್ಟೆ. ಆದರೆ ಅವನು ನನಗೆ ಪೂರ್ತಿ ಹೇಳಿರಲಿಲ್ಲ.

ಹಬ್ಬದ ದಿನ ಒಬ್ಬೊಬ್ಬರಾಗಿ ಬಂದು ವೀಳ್ಯ ತೆಗೆದುಕೊಂಡರು. ಹೂವಮ್ಮನ ಸರದಿ ಬಂದಾಗ ಅಣ್ಣ ತಟ್ಟೆಯ ಕೆಳಗಿಂದ ಒಂದು ಹೊಸ ಇಳಕಲ್ ಸೀರೆ ತೆಗೆದು ಎಲೆ ಅಡಿಕೆಯ ಕೆಳಗಿಟ್ಟ. ಅವಳನ್ನು ನೋಯಿಸಿದೆನಲ್ಲ ಎಂಬ ಸಂಕಟಕ್ಕೆ, ಪೇಟೆಯಿಂದ ಯಾರಿಗೂ ಹೇಳದೆ ತಂದಿದ್ದ. ನಾನು ಕೂಗುವಷ್ಟರಲ್ಲಿ ಅದು ಅವಳ ಸೆರಗಿನಲ್ಲಿತ್ತು.

ಚಿಕ್ಕಂದಿನಿಂದ ಮೈಸೂರಿನ ಸೋದರಮಾವನ ಮನೆಯಲ್ಲಿ ಓದಿದವನಿಗೆ ಏನು ಗೊತ್ತು? ವೀಳ್ಯವೊಂದೇ ಕೊಟ್ಟರೆ ಬಾ ಎಂದು. ಸೀರೆ ಇಟ್ಟು ಕೊಟ್ಟರೆ ಹೋಗಿ ಬಾ ಎಂದು. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಂತೆ, ಕೆಲಸ ಬಿಡಿಸಿದ ಹೆಂಗಸನ್ನೂ ನಮ್ಮಲ್ಲಿ ಬರಿಗೈಲಿ ಕಳಿಸುವುದಿಲ್ಲ.

ಹೂವಮ್ಮ ಸೀರೆಯನ್ನು ಕಣ್ಣಿಗೊತ್ತಿಕೊಂಡಳು. ಇಂಜಿನ್ನಿಗೆ ಕೈಮುಗಿದು ಹೊರಗೆ ನಡೆದಳು. ನಾನು ಅಣ್ಣನ ಕಿವಿಯಲ್ಲಿ ಹೇಳಿದ್ದೇ ತಡ, ಅವನು ಚಪ್ಪಲಿಯಿಲ್ಲದೆ ಓಡಿದ. ನಾನೂ ಹಿಂದೆ ಓಡಿದೆ.

"ಹೂವಮ್ಮ, ನನಗೆ ಗೊತ್ತಿರಲಿಲ್ಲ! ಸೀರೆ ಸುಮ್ನೆ ಕೊಟ್ಟಿದ್ದು. ವಾಪಸ್ ಬಾ!"

"ಲಕ್ಷ್ಮಿ ಎದ್ರಿಗೆ ಕೊಟ್ಟಿದ್ದು, ಅಪ್ಪಿ. ವಾಪಸ್ ಮಾಡಿದ್ರೆ ನಿಮ್ಮ ಗಿರಣಿಗೂ ಒಳ್ಳೇದಲ್ಲ, ನಂಗೂ ಒಳ್ಳೇದಲ್ಲ. ನೀ ಅವತ್ತೇ ಹೇಳಿದ್ಯಲ್ಲ, ನಂಗೆ ತಿಳ್ದಿತ್ತು." ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ನಮ್ಮಿಬ್ಬರ ಸಂಕಟ ಸ್ವಲ್ಪವಾದರೂ ಹಗುರಾಗುತ್ತಿತ್ತು.

ಅಣ್ಣ ಅಪ್ಪನ ಕಾಲು ಹಿಡಿದ. ಅಪ್ಪನಿಗೂ ಮುಖ ಸಣ್ಣದಾಗಿತ್ತು. "ನಾ ಏನು ಮಾಡ್ಲೋ? ಎಲ್ರೂ ನೋಡ್ಯಾರ. ನೀ ಬರ್ದಂಗೇ ಆತು, ಬಿಡು" ಎಂದರು.

ಮರುದಿನ ಅವನು ಹೂವಮ್ಮನ ಮನೆಗೆ ಹೋದರೆ ಬಾಗಿಲಿಗೆ ಚಿಲಕ. ಅವಳು ಸೊಸೆಯನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು, ಗಂಡನನ್ನು ಗಾಡಿಯಲ್ಲಿ ಮಲಗಿಸಿಕೊಂಡು, ಕೂಲಿ ಹುಡುಕಿ ಹೋಗಿದ್ದಳು. ಎಲ್ಲಿಗೆಂದು ಪಕ್ಕದವರಿಗೂ ತಿಳಿಯದು.

ಗಿರಣಿಗೆ ಮರಳಿದಾಗ ಕೇರುತ್ತಿದ್ದ ಹಾಲಮ್ಮ ಮೊರ ಕೆಳಗಿಟ್ಟು ಎದ್ದು ನಿಂತಳು. ಅವಳ ಹಿಂದೆ ಉಳಿದವರೂ ಎದ್ದರು.

"ಸಣ್ಣ ಸಾವ್ಕಾರ್ರೇ," ಎಂದಳು ತಗ್ಗಿದ ದನಿಯಲ್ಲಿ, "ನಮ್ಮ ಸೀರೆ ಯಾವಾಗ ತರ್ತೀರಿ ಅಂತ ಮೊದ್ಲೇ ಹೇಳಿಬಿಡ್ರಿ. ನಾವೂ ಬೇರೆ ಕಡೆ ಕೆಲ್ಸ ನೋಡ್ಕೋಬೇಕು."