ಹೊಂಬಳದ ಗೊಣಗಪ್ಪ

ಗದಗದಲ್ಲಿ ನಮ್ಮದೊಂದು ಹಗ್ಗ, ತಾಡಪತ್ರಿಗಳ ಸಣ್ಣ ಅಂಗಡಿ. ಮಾಲಕಿ ನಮ್ಮತ್ತೆ ಸಾವಕ್ಕ. ಲೆಕ್ಕ ಬರೆಯಲು ಆನ್‌ಲೈನ್ ಸಾಫ್ಟ್‌ವೇರ್ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಮೂರನ್ನು ತೋರಿಸಿದೆ. ಮೊದಲನೆಯದರಲ್ಲಿ ಕನ್ನಡವೇ ಇರಲಿಲ್ಲ. ಎರಡನೆಯದು ಗಿರಾಕಿಯ ಪೂರ್ತಿ ಹೆಸರು, ವಿಳಾಸ, ಪಿನ್‌ಕೋಡ್ ಎಲ್ಲ ಕೇಳಿತು.

"ಹಗ್ಗ ಮಾರಾಕ ಜಾತಕ ಯಾಕ ಬೇಕವಾ ಇದಕ್ಕ?" ಎಂದು ಅತ್ತೆ ಗುಡುಗಿದರು.

ಮೂರನೆಯದು ಕನ್ನಡದಲ್ಲಿತ್ತು. ಯಾವ ಹೆಸರು ಕೊಟ್ಟರೂ ಒಪ್ಪಿಕೊಳ್ಳುತ್ತಿತ್ತು. "ಇದ ಆತು," ಎಂದ ಅತ್ತೆ, ತಮ್ಮ ಹಳೆಯ ವಹಿಯಲ್ಲಿ ಗಿರಾಕಿಗಳಿಗೆ ತಾವೇ ಇಟ್ಟಿದ್ದ ಅಡ್ಡಹೆಸರುಗಳನ್ನು ಮೊಬೈಲ್ ನಂಬರಿನ ಸಮೇತ ಒಂದೂ ಬಿಡದೆ ಬರೆಸಿದರು. ಬಿಲ್ಲು ತಾನಾಗಿ ಗಿರಾಕಿಯ ಮೊಬೈಲಿಗೂ ಹೋಗುತ್ತದೆಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಮರುವಾರ ಹೊಂಬಳದ ಬೀರಲಿಂಗಪ್ಪ ಬಂದು ತಮ್ಮ ಮೊಬೈಲನ್ನು ಮೇಜಿನ ಮೇಲಿಟ್ಟರು. ಅದರಲ್ಲಿ ನಮ್ಮ ಬಿಲ್ಲಿತ್ತು: "ಹೊಂಬಳದ ಗೊಣಗಪ್ಪ ಅವರೇ, ನಿಮ್ಮ ಖರೀದಿಗೆ ಧನ್ಯವಾದಗಳು."

"ನಾ ಯಾವಾಗ ಗೊಣಗೀನ್ರೀ ಅಕ್ಕಾರ?" ಎಂದು ಶುರು ಮಾಡಿದವರು, ಹಗ್ಗ ತೆಳು, ತಾಡಪತ್ರಿ ಗಿಡ್ಡ, ಅಂಗಡಿ ಮುಂದೆ ಗಾಡಿ ನಿಲ್ಲಿಸಲು ಜಾಗವಿಲ್ಲ ಎಂದು ಕಾಲು ಗಂಟೆ ಗೊಣಗಿದರು.

ಅತ್ತೆ ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಹೆಸರು ತಿದ್ದಲು ಕೂತೆ. ಆ ಹೆಸರಿನ ಮುಂದೆ ಎರಡು ನಂಬರ್‌ಗಳಿದ್ದವು; ಇವರ ಕೈಲಿರುವುದು ಯಾವುದೆಂದು ನೋಡಲು ಅತ್ತೆಯ ಮೊಬೈಲಿನಿಂದ ಮೊದಲನೆಯದಕ್ಕೆ ಕರೆ ಮಾಡಿದೆ.

ಮೇಜಿನ ಮೇಲಿನ ಮೊಬೈಲ್ ಹಾಡತೊಡಗಿತು. ಪರದೆಯ ತುಂಬ ದಪ್ಪ ಅಕ್ಷರಗಳು: "ಹಗ್ಗದಂಗಡಿ ಹೆಣ್ಣುಹುಲಿ."

ಬೀರಲಿಂಗಪ್ಪ ಅದನ್ನು ಅಂಗೈಯಿಂದ ಮುಚ್ಚುವಷ್ಟರಲ್ಲಿ ಅತ್ತೆ ಓದಿಯಾಗಿತ್ತು.

"ಮಂಜುಳಾ," ಎಂದು ಅತ್ತೆ ನನ್ನತ್ತ ತಿರುಗಿದರು, ನಗು ತಡೆಯಲಾರದೆ. "ಅವರ ಹೆಸರು ಹಂಗ ಇರಲಿ. ಬಿಲ್ಲಿನ ಮ್ಯಾಲ ನಮ್ಮ ಅಂಗಡಿ ಹೆಸರು ಬದಲ ಮಾಡು."