ಮೊದಲ ಮೆಟ್ಟಿಲ ಎತ್ತರ

ನಾನು ಎಲೆಕ್ಟ್ರಿಕ್ ಕಾರು ಕೊಂಡದ್ದು ಗಾಳಿಯ ಮೇಲಿನ ಪ್ರೀತಿಯಿಂದ. ನಗರದ ಗಾಳಿಯಲ್ಲಿ ಎಷ್ಟು ಧೂಳಿದೆ, ಎಷ್ಟು ಹೊಗೆಯಿದೆ ಎಂದು ಅಳೆಯುವುದೇ ನನ್ನ ಕೆಲಸ. ಬೆಳ್ಳಗೆ ಹೋದ ಫಿಲ್ಟರ್ ಕಾಗದ ಮರುದಿನ ಬೂದಿಬಣ್ಣ ತಾಳಿ ಹಿಂತಿರುಗುವುದನ್ನು ದಿನವೂ ನೋಡುವವಳಿಗೆ ಹೊಗೆಯುಗುಳದ ಗಾಡಿ ಒಂದು ಸಮಾಧಾನ. ಆದರೆ ಮನೆಗೆ ಬಂದ ಕೆಲವೇ ದಿನಗಳಲ್ಲಿ ಕಾರು ಅಪ್ಪನ ಪಾಲಾಯಿತು.

ಅಪ್ಪ ನಿವೃತ್ತ ಸಿಟಿ ಬಸ್ ಡ್ರೈವರ್. ಅಮ್ಮ ಅದೇ ಡಿಪೋದಲ್ಲಿ ಕಂಡಕ್ಟರ್, ಇನ್ನೂ ಸರ್ವಿಸಿನಲ್ಲಿದ್ದಾಳೆ. ಆಗಷ್ಟೇ ಅವಳ ಬಲಮಂಡಿಗೆ ಆಪರೇಷನ್ ಆಗಿತ್ತು. ಬಸ್ಸಿಗೆ ಮರಳಬೇಕಾದರೆ ಡಿಪೋದ ಡಾಕ್ಟರ ಎದುರು, ಯಾರ ಕೈಯನ್ನೂ ಹಿಡಿಯದೆ, ಬಸ್ಸಿನ ಮೆಟ್ಟಿಲು ಹತ್ತಿ ತೋರಿಸಬೇಕು. ಆಗದಿದ್ದರೆ ಆಫೀಸಿನಲ್ಲಿ ಒಂದು ಕುರ್ಚಿ. ಅಮ್ಮನ ಪಾಲಿಗೆ ಆ ಕುರ್ಚಿ ಜೈಲು.

“ದಿನಾ ನಡೀರಿ, ಬಸ್ ಹತ್ತಿ ಇಳೀರಿ, ಮಂಡಿ ದಾರಿಗೆ ಬರುತ್ತೆ” ಎಂದಿದ್ದಳು ಫಿಸಿಯೋಥೆರಪಿಸ್ಟ್. ಅಪ್ಪನ ಕಿವಿಗೆ ಅದು ಬೀಳಲೇ ಇಲ್ಲ. ಅಮ್ಮ ಚಪ್ಪಲಿಗೆ ಕಾಲು ತೂರಿಸುವಷ್ಟರಲ್ಲಿ ಕಾರು ಬಾಗಿಲಲ್ಲಿ ಹಾಜರ್. ತರಕಾರಿಗೆ ಕಾರು, ಔಷಧಿಗೆ ಕಾರು, ಬೀದಿಯ ಆ ತುದಿಯ ದರ್ಜಿಯಂಗಡಿಗೂ ಕಾರು.

“ಅಷ್ಟು ದೂರ ನಡೀತೀನಿ ಕಣ್ರೀ.”

“ಯಾಕೆ ನಡೀಬೇಕು? ಹೊಗೆ ಇಲ್ಲ, ಸದ್ದಿಲ್ಲ. ಭೂಮಿಗೆ ಒಳ್ಳೇದು. ಬೇಕಾದ್ರೆ ನಿನ್ ಮಗಳನ್ನ ಕೇಳು.”

“ಟೈರ್ ಸವೆದ್ರೂ ಧೂಳೇಳುತ್ತೆ ಅಂದೋಳು ಅದೇ ಮಗಳು. ನಾನೊಬ್ಳು ಮೆರವಣಿಗೆ ಹೋಗೋ ಜಾಗದಲ್ಲಿ ನನ್ ಬಸ್ಸಾದ್ರೆ ಅರ್ಧ ಬೀದೀನ ಹೊತ್ಕೊಂಡು ಹೋಗುತ್ತೆ.”

ಇಬ್ಬರ ಮಾತೂ ಸರಿಯೇ. ನಾನು ಊಟದ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿಕೊಂಡೆ.

ಇಷ್ಟೆಲ್ಲ ಗೊಣಗಿದರೂ ಅಮ್ಮ ಕೊನೆಗೆ ಕಾರು ಹತ್ತುತ್ತಿದ್ದಳು. ಅದಕ್ಕೆ ಕಾರಣವಿತ್ತು. ಗಂಡ ಹೆಂಡತಿಯನ್ನು ಒಂದೇ ಬಸ್ಸಿಗೆ ಹಾಕುವ ಪದ್ಧತಿ ಆ ಡಿಪೋದಲ್ಲಿರಲಿಲ್ಲ. ಸರ್ವಿಸಿಡೀ ಒಬ್ಬರು ಮನೆಗೆ ಬರುವ ಹೊತ್ತಿಗೆ ಇನ್ನೊಬ್ಬರು ಹೊರಡುತ್ತಿದ್ದರು. ಈಗ ಕಾಲು ಚಾಚಲು ಅನುಕೂಲವೆಂದು ಅಮ್ಮ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಬಸ್ ಸ್ಟಾಪ್ ಕಂಡೊಡನೆ ಅಪ್ಪನ ಕಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು. ಕಾರು ಅಂಚಿಗೆ ಸರಿದು ನಿಂತರೆ, ಹಿಂದಿನಿಂದ “ರೈಟ್” ಎಂದು ಕೇಳುವವರೆಗೆ ಹೊರಡುತ್ತಿರಲಿಲ್ಲ. ಅಮ್ಮನ “ರೈಟ್” ಕೇಳಿ ಗಾಡಿ ಬಿಡುವ ಭಾಗ್ಯ ಅಪ್ಪನಿಗೆ ಸಿಕ್ಕಿದ್ದು ಈಗಲೇ. ಅದನ್ನು ಕಸಿಯಲು ಅವಳಿಗೆ ಮನಸ್ಸಿರಲಿಲ್ಲ.

ಒಂದು ರಜಾದಿನ ಮೂವರೂ ಮಾರ್ಕೆಟ್ಟಿಗೆ ಹೊರಟಿದ್ದೆವು. ಅದಕ್ಕಿಂತ ಮೊದಲಿನ ಸ್ಟಾಪಿನಲ್ಲಿ ಕಾರು ಎಂದಿನಂತೆ ನಿಂತಿತು. ಚೀಲ ಹಿಡಿದ ಅಜ್ಜರೊಬ್ಬರು ಬಗ್ಗಿ, “ಈ ಗಾಡಿ ಮಾರ್ಕೆಟ್ಟಿಗೆ ಹೋಗುತ್ತಾ ಅಪ್ಪಾ?” ಎಂದರು. ಅಪ್ಪ ಕನ್ನಡಿಯಲ್ಲಿ ಅಮ್ಮನನ್ನು ನೋಡುತ್ತಾ ಕಾದರು. “ರೈಟ್” ಬರಲಿಲ್ಲ. ಬಾಗಿಲು ತೆರೆದ ಸದ್ದಾಯಿತು.

“ಯಾಕೆ ಇಳೀತಿದೀಯಾ? ಇನ್ನೂ ದೂರ ಇದೆಯಲ್ಲ!”

“ಅದಕ್ಕೇ ಇಳೀತಿರೋದು. ಮುಂದಿನ ತಿಂಗಳು ಡಾಕ್ಟರ ಮುಂದೆ ನಿಲ್ಬೇಕು ಕಣ್ರೀ. ನಿನ್ನೆ ನಮ್ಮನೆ ಜಗಲಿ ಹತ್ತೋಕೇ ಗೋಡೆ ಹಿಡ್ಕೊಂಡೆ. ನೀವು ನೋಡ್ಲಿಲ್ಲ, ಕಾರ್ ಒರೆಸ್ತಿದ್ರಿ.”

ಅಷ್ಟರಲ್ಲಿ ಹಿಂದೆ ಬಸ್ಸು ಬಂದು ಹಾರ್ನ್ ಹೊಡೆಯಿತು. ಅಪ್ಪನ ಕೈಕೆಳಗೇ ಪಳಗಿದ ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಕೂಗಿದ: “ಗುರುಗಳೇ, ರಿಟೈರಾದ್ಮೇಲೂ ನಮ್ಮ ಸ್ಟಾಪ್ ಬಿಡಲ್ವಾ?”

ಅಮ್ಮ ಬಸ್ಸಿನ ಕಡೆ ಹೋದಳು. ಕಂಬಿ ಹಿಡಿದು ಬಲಗಾಲು ಎತ್ತಿದಳು. ಅದು ಮೆಟ್ಟಿಲ ಮಟ್ಟಕ್ಕೆ ಬರಲಿಲ್ಲ. ಅಪ್ಪ ಕಾರಿನಿಂದ ಹಾರಿದರು.

“ಅಲ್ಲೇ ಇರಿ” ಎಂದಳು ಅಮ್ಮ, ತಿರುಗಿ ನೋಡದೆ. ಎಡಗಾಲು ಮುಂದಿಟ್ಟು, ಹಲ್ಲು ಕಚ್ಚಿ, ಮೈಯನ್ನು ಮೇಲೆಳೆದುಕೊಂಡಳು. ಹಿಂದಿದ್ದ ಅಜ್ಜ ಚೀಲ ಹೆಗಲಿಗೇರಿಸಿಕೊಂಡು ಹತ್ತಿದರು.

ಅಪ್ಪ ಕೀಲಿಕೈಯನ್ನು ನನ್ನ ಮಡಿಲಿಗೆ ಹಾಕಿ, “ನೀನ್ ಬಾ ಹಿಂದೆ” ಎಂದವರೇ ಅಜ್ಜನ ಬೆನ್ನಿಗೆ ಬಸ್ ಹತ್ತಿದರು.

ಮರುದಿನದಿಂದ ಇಬ್ಬರೂ ಸ್ಟಾಪಿನವರೆಗೆ ನಡೆದು ಹೋಗತೊಡಗಿದರು. ಅಮ್ಮ ಮುಂದೆ, ಅವಳಿಂದ ಬೈಸಿಕೊಳ್ಳುವಷ್ಟೇ ಅಂತರದಲ್ಲಿ ಅಪ್ಪ ಹಿಂದೆ. ಯಾವುದೋ ಬಸ್ ಹತ್ತುವುದು, ಎಲ್ಲೋ ಇಳಿಯುವುದು, ಮತ್ತೊಂದು ಹತ್ತುವುದು. ಸಂಜೆ ಮಂಡಿಗೆ ಮಂಜುಗಡ್ಡೆಯ ಚೀಲ ಇಡುವ ಕೆಲಸ ಅಪ್ಪನದು. ಗಾಳಿಯ ಮಾದರಿ ಪೆಟ್ಟಿಗೆಗಳನ್ನು ಸಾಗಿಸಬೇಕಾದ ದಿನ ಮಾತ್ರ ನಾನು ಕಾರು ತೆಗೆಯುತ್ತಿದ್ದೆ. ಉಳಿದ ದಿನ ಅದು ಪೂರ್ತಿ ಚಾರ್ಜಾಗಿ ಮನೆಯೆದುರು ನಿಂತಿರುತ್ತಿತ್ತು.

ಪರೀಕ್ಷೆಗೂ ಬಸ್ಸಿನಲ್ಲೇ ಹೋದೆವು. ಡಿಪೋದ ಅಂಗಳದಲ್ಲಿ ಖಾಲಿ ಬಸ್ಸೊಂದನ್ನು ನಿಲ್ಲಿಸಿದ್ದರು. ಡಾಕ್ಟರು, “ಬಲಗಾಲು ಮೊದಲು” ಎಂದರು. ಅಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಬಲಗಾಲು ಎತ್ತಿದಳು. ನನ್ನ ಪಕ್ಕ ನಿಂತಿದ್ದ ಅಪ್ಪನ ಬಲಗಾಲೂ ನೆಲ ಬಿಟ್ಟಿತು. ಅಮ್ಮನ ಪಾದ ಮೆಟ್ಟಿಲ ಮೇಲೆ ಊರಿತು. ಮಂಡಿ ಒಮ್ಮೆ ನಡುಗಿ, ನೆಟ್ಟಗಾಯಿತು. ಅವಳು ಮೇಲಿದ್ದಳು.

“ಇನ್ನೊಂದ್ಸಲ” ಎಂದರು ಡಾಕ್ಟರು.

“ಇನ್ನೊಂದ್ಸಲಾನಾ?” ಎಂದರು ಅಪ್ಪ, ಒಂಟಿಕಾಲಲ್ಲೇ.

ಅಮ್ಮ ಇನ್ನೊಮ್ಮೆ ಹತ್ತಿದಳು, ಈ ಬಾರಿ ನಡುಕವಿಲ್ಲದೆ. ಡಾಕ್ಟರು ತಲೆಯಾಡಿಸಿದರು. “ಸೋಮವಾರದಿಂದ ಡ್ಯೂಟಿಗೆ ಬನ್ನಿ.”

“ಯಾವ ರೂಟು ಸಾರ್?” ಅಪ್ಪ ಮುಂದೆ ಬಂದರು.

“ಅದನ್ನ ನಾನು ಹೇಳೋಕಾಗಲ್ಲ. ಯಾಕೆ?”

“ನಂಗೊಂದು ಬಸ್ ಪಾಸ್ ಮಾಡಿಸ್ಬೇಕಿತ್ತು.”