ಎಂಬತ್ತನೆಯ ಮೀಟರು

ಸೊಂಟಕ್ಕೆ ಅಂಟಿಸಿದ ಬಿಳಿ ಬೊಟ್ಟು ನವೆಯಾಗುತ್ತಿದೆ, ಸಂತೆಗೆ ಹೊರಟ ಕುರಿಗೆ ಗುರುತು ಹಾಕಿದ ಹಾಗೆ ಹಾಕಿದ್ದಾನೆ, ಸೊಂಟಕ್ಕೊಂದು, ಮಂಡಿಗೊಂದು, ಕಾಲಗಿಣ್ಣಿಗೊಂದು, ಕೆರ್ಕೋಬೇಡ್ವೋ ಜಾನಿಶ್, ಕಿತ್ತೋಗುತ್ತೆ, ಕ್ಯಾಮೆರಾ ನೋಡೋದೇ ಅದನ್ನ, ಆಗಲಿ ಅಗಾಯ್, ಹೂಂ, ಅಗಾಯ್ ಅಂತಲೇ ಕರೆಯಬೇಕು, ಮೇಷ್ಟ್ರಲ್ಲವೇ, ಬಿಷ್ಕೆಕ್ಕಿನಿಂದ ಪೆಟ್ಟಿಗೆ ತುಂಬ ಕ್ಯಾಮೆರಾ ತಂದ ಕೆರಿಮ್‌ಬೆಕ್ ಅಗಾಯ್, ಗ್ಯಾಲರಿಯ ಮೆಟ್ಟಿಲು ಹತ್ತಿದರೆ ಕಮ್ಮಾರನ ತಿದಿಯಂತೆ ಉಸಿರು ಬಿಡುವವನು, ಅವನು ನನಗೆ ಓಟ ಹೇಳಿಕೊಡುತ್ತಾನೆ — ಬೆಳಿಗ್ಗೆ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಪಾಠ ಮಾಡಿದ, ಸರಳರೇಖಾ ಚಲನೆ, ಹೆಸರು ಕೇಳಿದರೆ ದೊಡ್ಡ ರೋಗದ ಹಾಗಿದೆ, ಇಲ್ಲಿಂದ ಅಲ್ಲಿಗೆ ನೇರ ಹೋಗೋದು ಅಷ್ಟೇ, ದೂರವನ್ನ ಹೊತ್ತಿನಿಂದ ಭಾಗಿಸಿದ್ರೆ ವೇಗ, ಮೈದಾನ ಒಂದು ಸುತ್ತು ಬಂದ್ರೆ ದೂರ ನಾನೂರು ಮೀಟರು, ಸ್ಥಾನಪಲ್ಲಟ ಮಾತ್ರ ಸೊನ್ನೆ, ಯಾಕೆ ಹೇಳಿ ಮಕ್ಕಳೇ, ಹೊರಟಲ್ಲಿಗೇ ಬಂದ್ರಲ್ಲ, ಥೂ, ಇದಕ್ಕೆ ವಿಶ್ವವಿದ್ಯಾಲಯ ಬೇರೆ, ನಮ್ಮಪ್ಪ ಮಾಸ್ಕೋದಲ್ಲಿ ವರ್ಷಗಟ್ಟಲೆ ಬೀದಿಯ ಹಿಮ ಎತ್ತಿ ಅದೇ ಮುರುಕು ಬಾಗಿಲಿಗೆ ವಾಪಸ್ಸು ಬಂದ, ಅವನ ಸ್ಥಾನಪಲ್ಲಟವೂ ಸೊನ್ನೆಯೇ, ಅದನ್ನು ತಿಳಿಯಲು ನಾನು ಎಂಟನೆಯ ಕ್ಲಾಸು ದಾಟಬೇಕಾಗಿರಲಿಲ್ಲ, ದಾಟಲೂ ಇಲ್ಲ, ಕರಾಕೋಲ್ ಬಜಾರಿನಲ್ಲಿ ಆಲೂಗೆಡ್ಡೆ ಮೂಟೆ ಹೊತ್ತೆ, ಹೊರುತ್ತಲೇ ಇದ್ದೇನೆ, ಇವತ್ತು ಈ ನೂರು ಮೀಟರು ಗೆದ್ದವನಿಗೆ ಒಂದೇ ಒಂದು ಜಾಗ, ರಾಜಧಾನಿಯ ತಂಡ, ಮಂಚ, ಊಟ, ಮುಳ್ಳಿನ ಶೂ, ಸೋತರೆ ನಾಳೆ ಬೆಳಿಗ್ಗೆ ಮತ್ತೆ ಮೂಟೆ — ಏನ್ ಜಾನಿಶ್, ಮೂಟೆ ಮನೇಲೇ ಬಿಟ್ಟು ಬಂದ್ಯಾ, ಪಕ್ಕದ ಪಟ್ಟೆಯಿಂದ ಎಲ್ದಿಯಾರ್, ಅವರಮ್ಮ ಗ್ಯಾಲರಿಯಿಂದ ಬಾಳೆಹಣ್ಣು ಸುಲಿದು ಕಳಿಸುತ್ತಾಳೆ, ಸುಲಿದು, ನಿನ್ನನ್ನ ಹೊತ್ಕೊಂಡು ಹೋಗೋಕೆ ಹೆಗಲು ಖಾಲಿ ಇರ್ಲಿ ಅಂತ ಬಿಟ್ಟು ಬಂದೆ ಕಣೋ, ಎಂದೆ, ನಗುತ್ತಾನೆ, ನಗಲಿ, ಹಲ್ಲು ಕೂಡ ಇಸ್ತ್ರಿ ಮಾಡಿದ ಹಾಗಿವೆ.

ಆದರೆ ಆ ಗೆರೆ — ಬಟ್ಟೆಯ ಮೇಲೆ ನಮ್ಮಿಬ್ಬರ ನಿನ್ನೆಯ ಓಟವನ್ನು ಅಗಾಯ್ ಗೆರೆಯಾಗಿ ಎಳೆದು ತೋರಿಸಿದ, ಹತ್ತು ಹತ್ತು ಮೀಟರಿಗೆ ವೇಗ ಎಷ್ಟೆಂದು, ಮೊದಲು ಏರುತ್ತದೆ, ಅದು ವೇಗೋತ್ಕರ್ಷವಂತೆ, ಅರವತ್ತರ ಹತ್ತಿರ ನೆತ್ತಿ, ಆಮೇಲೆ ಎಲ್ಲರದೂ ಇಳಿಯುತ್ತದೆ, ಕೊನೇಲಿ ಯಾವ ಗಂಡೂ ವೇಗ ಹೆಚ್ಚಿಸಲ್ಲ ಕಣ್ರಪ್ಪ, ಕಡಿಮೆ ಇಳಿಯೋನು ಗೆಲ್ತಾನೆ, ನನ್ನ ಗೆರೆ ಎಂಬತ್ತರವರೆಗೆ ಎಲ್ದಿಯಾರನ ತಲೆಯ ಮೇಲೆ ಕೂತಿತ್ತು, ಎಂಬತ್ತರಲ್ಲಿ ಕುದುರೆ ಕಾಲು ಮುರಿದ ಹಾಗೆ ಬಿತ್ತು, ಇಲ್ನೋಡು ಜಾನಿಶ್, ನಿನ್ನ ಪಾದ ಸೊಂಟಕ್ಕಿಂತ ಎಷ್ಟೋ ಮುಂದೆ ಬೀಳ್ತಿದೆ, ನೆಲ ನಿನ್ನ ಹಿಂದಕ್ಕೆ ತಳ್ತಿದೆ, ಬ್ರೇಕ್ ಹಾಕ್ತಿದ್ದೀಯ, ಸುಸ್ತಾ, ಸುಸ್ತಲ್ಲ ಅಗಾಯ್, ಭಯಾನಾ, ಎಲ್ದಿಯಾರ್ ಕಿಸಕ್ಕೆಂದ, ಮತ್ತೆ ಅಲ್ಲಿ ಏನಿದೆ ಅಂತ ನಿಲ್ತೀಯಪ್ಪ, ಏನಿಲ್ಲ, ಏನಿರುತ್ತೆ, ಸುಣ್ಣದ ಗೆರೆ ಇದೆ, ನಿನ್ನ ಕ್ಯಾಮೆರಾಗೆ ಕಣ್ಣುಪೊರೆ ಬಂದಿದೆ ಎಂದು ಬಾಯಿಗೆ ಬಂತು, ನುಂಗಿದೆ, ಬ್ರೇಕಂತೆ, ಊರಲ್ಲಿ ನಾನು ಒಂದು ಓಟವೂ ಸೋತದ್ದಿಲ್ಲ, ಯಾರ ಮಗು ಮೊದಲ ಹೆಜ್ಜೆ ಇಟ್ಟರೂ ಅದರ ಎರಡೂ ಕಾಲು ಸೇರಿಸಿ ದಾರ ಕಟ್ಟಿ ನಿಲ್ಲಿಸುತ್ತಾರಲ್ಲ, ಕರಿ ಉಣ್ಣೆ ಬಿಳಿ ಉಣ್ಣೆ ಹೊಸೆದ ದಾರ, ಹುಡುಗರೆಲ್ಲ ಮಗುವಿನತ್ತ ಓಡಬೇಕು, ಮೊದಲು ಬಂದವನ ಕೈಗೆ ಚಾಕು, ಕತ್ತರಿಸಿದವನ ಕಾಲೇ ಮಗುವಿಗೂ ಬರುತ್ತದೆ ಎಂದು, ಆ ದಾರ ಎಷ್ಟು ಕತ್ತರಿಸಿಲ್ಲ ನಾನು, ಕೇಳಿ ನೋಡಲಿ, ಅರ್ಧ ಊರಿನ ಮಕ್ಕಳು ನಡೆಯುವುದು ನನ್ನ ಕಾಲಿನಲ್ಲಿ, ಎಲ್ದಿಯಾರ್ ಕೂಸಾಗಿದ್ದಾಗ ಅವನ ದಾರ ಹೋಟೆಲಿನ ಕೆಂಪು ಕಂಬಳಿಯ ಮೇಲೆ ಕತ್ತರಿಸಿದ್ದಂತೆ, ಫೋಟೋದವನು ಸರಿ ಬಂದಿಲ್ಲ, ಇನ್ನೊಂದ್ಸಲ ಓಡಿ ಎಂದನಂತೆ, ಹಹ, ಅವನ ಕಾಲು ಫೋಟೋದವನ ಕಾಲು.

ಜಾಗಕ್ಕೆ ಬನ್ನಿ, ಬಂದೆ, ಬೆರಳು ಗೆರೆಯ ಹಿಂದೆ, ಸರೋವರದ ಗಾಳಿ ಬೆನ್ನಿಗೆ, ಬೇಲಿಯಾಚೆ ಯಾರೋ ಬೋರ್ಸೋಕ್ ಕರಿಯುತ್ತಿದ್ದಾರೆ, ಹಿಟ್ಟು ಎಣ್ಣೆಗೆ ಬಿದ್ದ ವಾಸನೆ, ಹೋದ ಸುಗ್ಗಿಯಲ್ಲಿ ಊರಿನಲ್ಲಿ ಗುಲ್ಜಾತ್ ಅಕ್ಕನ ಅಂಗಳದಲ್ಲೂ ಇದೇ ವಾಸನೆ, ಅವಳ ಮಗ ನುರೆಲ್ ತಾಯಿಯ ಎರಡು ಬೆರಳು ಹಿಡಿದು ತೂರಾಡುತ್ತ ನಿಂತಿದ್ದ, ಕಾಲಿಗೆ ಕಪ್ಪು ಬಿಳಿ ದಾರ, ನಾನು ಬಿರುಗಾಳಿಯ ಹಾಗೆ ಬರುತ್ತಿದ್ದೆ, ಅಕ್ಕ ಕೂಗಿದಳು, ಮೆಲ್ಲಗೆ ಕಣೋ ಕತ್ತೆ, ಮಗು, ಮಗು, ಹೆಂಗಸರೆಲ್ಲ ಕೂಗಿದರು, ಯಾವಾಗಲೂ ಕೂಗುತ್ತಾರೆ, ನಾನು ಒಂದು ಗೇಣು ಮುಂಚೆ ನಿಂತೆ, ಹಿಮ್ಮಡಿ ಊರಿ, ಧೂಳು ಮಾತ್ರ ಹುಡುಗನ ಪಾದದ ಮೇಲೆ ಬಿತ್ತು, ಹಾಗೆ ನಿಲ್ಲುವುದೂ ಒಂದು ಕಲೆ, ಎಲ್ದಿಯಾರನಾಗಿದ್ದರೆ ಕೂಸನ್ನು ತುಳಿದು — ಹಿಮ್ಮಡಿ ಊರಿ, ಸೊಂಟಕ್ಕಿಂತ ಮುಂದೆ, ಅಯ್ಯೋ, ಅಲ್ಲಿ ಏನಿದೆ ಅಂತ ನಿಲ್ತೀಯಪ್ಪ, ಇದಾ, ಇಷ್ಟೇನಾ, ಏಳನೆಯ ವಯಸ್ಸಿನಿಂದ ನಾನು ಓಡಿದ ಪ್ರತಿ ಓಟದ ತುದಿಯಲ್ಲೂ ಒಂದು ಮಗು ನಿಂತಿತ್ತು, ಆ ತಿದಿ ಮೇಷ್ಟ್ರ ಕ್ಯಾಮೆರಾ ಅದನ್ನು ಕಂಡಿತು, ನಾನು ಕಾಣಲಿಲ್ಲ, ಥೂ ನನ್ನ ಕಾಲಿಗೆ, ಮಗು ಇಲ್ಲ, ಗೊತ್ತಾಯಿತಲ್ಲ, ಸುಣ್ಣ, ಬರೀ ಸುಣ್ಣ, ತುಳಿ, ಹಾಯ್ದು ಹೋಗು, ಸಜ್ಜಾಗಿ —

ಗುಂಡು, ನೆಲ ಹಿಂದಕ್ಕೆ, ತಲೆ ತಗ್ಗಿಸು, ತಳ್ಳು, ಇನ್ನೂ ತಳ್ಳು, ಈಗ ಎದ್ದೆ, ಎಲ್ದಿಯಾರ್ ಹಿಂದೆ, ಅವನ ಉಸಿರು ನನ್ನ ಭುಜದ ಹಿಂದೆ, ಅರವತ್ತು, ನೆತ್ತಿ, ಇಲ್ಲಿಂದ ಎಲ್ಲರೂ ಇಳಿಯುತ್ತಾರೆ, ಇಳಿ, ಆದರೆ ಕಡಿಮೆ ಇಳಿ, ಮೂಟೆ ಇಲ್ಲ, ಮಗು ಇಲ್ಲ, ಸುಣ್ಣ, ಸುಣ್ಣ, ಎಪ್ಪತ್ತು, ಗ್ಯಾಲರಿ ಕೂಗುತ್ತಿದೆ, ಏನೆಂದು ಕೂಗುತ್ತಿದೆ, ಹೆಂಗಸರ ದನಿ, ಕೇಳಬೇಡ, ಎಂಬತ್ತು, ನಿಂತಿದೆ, ತೂರಾಡುತ್ತಿದೆ, ಎರಡೂ ಕೈ ಚಾಚಿ ನನ್ನನ್ನೇ ನೋಡಿ ನಗುತ್ತಿದೆ, ಇಲ್ಲ, ಇಲ್ಲ, ತುಳಿ, ಹಿಮ್ಮಡಿ ಮುಂದೆ ಬಿತ್ತು, ಎಡಗಡೆಯಿಂದ ಎಲ್ದಿಯಾರನ ಬೆನ್ನು, ಅವನು ಅದರೊಳಗಿಂದಲೇ ಹಾಯ್ದು ಹೋದ, ಅದಕ್ಕೆ ಏನೂ ಆಗಲಿಲ್ಲ, ಚಾಕುವಿಗೆಂದು ನನ್ನ ಕೈ ತಾನಾಗಿ ಮುಂದೆ ಬಂದಿದೆ, ಎರಡು ಪುಟ್ಟ ಪಾದ, ಧೂಳು, ಕಪ್ಪು ಬಿಳಿ ದಾರ, ಕಪ್ಪು ಬಿಳಿ ದಾರ